ಜೋಡಿಯಿಲ್ಲದ ಏಟು

ಕಾಡಿನ ಕೆಲಸ ಮಾಡುವವರಿಗೆ ದೆವ್ವ ಭೂತಗಳ ಪರಿಚಯ ಚೆನ್ನಾಗಿರುತ್ತದೆ ಎಂದು ಊರಿನ ಜನ ಅಂದುಕೊಂಡಿರುತ್ತಾರೆ. ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಾಗ ಯಾರಾದರೊಬ್ಬರು, “ಏನ್ರೀ, ಇಷ್ಟು ವರ್ಷ ಕಾಡು ಸುತ್ತಿದ್ದೀರಿ, ಏನಾದರೂ ಕಂಡಿದ್ದೀರಾ?” ಎಂದು ಕೇಳಿಯೇ ಕೇಳುತ್ತಾರೆ. “ಕಂಡಿದ್ದೀನಿ. ಸೊಳ್ಳೆ, ಉಣ್ಣಿ, ಕಂಟ್ರಾಕ್ಟರು” ಎಂದು ಹೇಳಿ ನಗಿಸಿ ಬಿಡುತ್ತೇನೆ. ಅದು ಸುಳ್ಳಲ್ಲ. ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ನಾನು ನಂಬಿದವನಲ್ಲ. ಮಂತ್ರ ಹಾಕುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಸಂಗತಿ ಮಾತ್ರ ಎಷ್ಟು ವರ್ಷವಾದರೂ ತಲೆಯಿಂದ ಇಳಿದಿಲ್ಲ. ಅದು ಅಮಾವಾಸ್ಯೆಯ ರಾತ್ರಿ ನಡೆದದ್ದಲ್ಲ. ಬಿಸಿಲು ನೆತ್ತಿಯ ಮೇಲಿದ್ದಾಗ, ನಾನು ಎಚ್ಚರವಾಗಿಯೇ ಇದ್ದಾಗ ನಡೆದದ್ದು. ಅದಕ್ಕೇ ಇನ್ನೂ ತೊಂದರೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಸರ್ಕಾರದ ಅರಣ್ಯದ ನೌಕರಿ ಬಿಟ್ಟು, ಖಾಸಗಿಯವರ ಕಾಡುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಿದ್ದಿದ್ದೆ. ನೌಕರಿ ಬಿಡಲು ಕಾರಣ ನನ್ನ ಬಾಯಿ. ಮೇಲಿನವರ ಮುಂದೆ ಅದು ಸುಮ್ಮನಿರುತ್ತಿರಲಿಲ್ಲ. ಆಗ ಮೈಸೂರಿನಲ್ಲಿ ಹಿಂದೆ ಅರಮನೆಯ ಕೆಲಸದಲ್ಲಿದ್ದ ಎಷ್ಟೋ ಮನೆತನಗಳಿಗೆ ಊರಾಚೆ ಗುಡ್ಡ, ಕಾವಲು, ಮರಗಳ ತೋಪು ಇದ್ದವು. ಮಾಲೀಕರು ಇಲ್ಲಿ, ಕಾಡು ಅಲ್ಲಿ. ಯಾವ ಮರ ಕಡಿಯಬಹುದು, ಯಾವುದನ್ನು ಬಿಡಬೇಕು, ಬೇಸಿಗೆಯಲ್ಲಿ ಬೆಂಕಿ ದಾಟದ ಹಾಗೆ ಎಲ್ಲಿ ತರಗು ಗುಡಿಸಿ ದಾರಿ ಬಿಡಬೇಕು, ಜಿಂಕೆ ಹಂದಿ ನೀರಿಗೆ ಎಲ್ಲಿ ಬರುತ್ತವೆ, ಇದನ್ನೆಲ್ಲ ನೋಡಿ ಹೇಳಲು ಅವರಿಗೆ ಒಬ್ಬ ಬೇಕಾಗಿತ್ತು. ಶ್ರೀಗಂಧ ಯಾರ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ್ದು. ಕಳುವಾಗದಂತೆ ಕಾಯುವ ಪಾಡು ಮಾತ್ರ ಮಾಲೀಕನದು. ಆ ಪಾಡನ್ನೂ ನಾನೇ ಹೊರುತ್ತಿದ್ದೆ.

ಹಾಗೆ ನನಗೆ ಕೆಲಸ ಕೊಟ್ಟವರಲ್ಲಿ ಚಾಮರಾಜಪುರಂನ ಕಾವೇರಮ್ಮನವರು ಒಬ್ಬರು. ಎಪ್ಪತ್ತು ದಾಟಿದ್ದರು. ಗಂಡ ತೀರಿಕೊಂಡ ಮೇಲೆ ಕಾಡಿನ ಯಜಮಾನಿಕೆ ಅವರದೇ. ಕಡಕೊಳದ ರೈಲ್ವೆ ಸ್ಟೇಷನ್ನಿನಿಂದ ಒಂದು ಮೈಲಿ ನಡೆದರೆ ಅವರ ಕಾಡು ಸಿಗುತ್ತಿತ್ತು. ಅವರ ಮಾವನವರು ನೆಡಿಸಿದ ತೇಗ, ತಾನಾಗಿ ಬೆಳೆದ ಹೊನ್ನೆ, ದಿಂಡಿಗ, ನಡುವೆ ಒಂದು ನೀರಿನ ಒರತೆ. ಸುತ್ತಲಿನ ಹಳ್ಳಿಯ ದನಕರುಗಳಿಗೆ ಬೇಸಿಗೆಯಲ್ಲಿ ಅದೇ ಗತಿ. ಕಾವೇರಮ್ಮನವರು ಆ ಕಾಡನ್ನು ನೋಡಿ ಹತ್ತು ವರ್ಷವಾಗಿತ್ತು. ನೋಡಿ ಎಂದರೆ ನಿಜವಾಗಿಯೂ ನೋಡಿ. ಕಣ್ಣಿಗೆ ಪೊರೆ ಬಂದು, ಮಾಡಿಸಿದ ಆಪರೇಷನ್ ಕೈಗೂಡದೆ, ಎರಡೂ ಕಣ್ಣು ಹೋಗಿದ್ದವು. ಆದರೂ ಯಾವ ಇಳಿಜಾರಿನಲ್ಲಿ ಯಾವ ಮರ ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ನಡುಮನೆಯ ಹೊನ್ನೆ ಕಂಬಕ್ಕೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕೂರುವುದು ಅವರ ಅಭ್ಯಾಸ. ಮನೆಯ ನಾಲ್ಕು ಕಂಬಗಳೂ ಅದೇ ಕಾಡಿನಿಂದ ಬಂದವು.

ಕಡಿಯುವ ಮರಕ್ಕೆ ಗುರುತು ಹಾಕುವ ಕ್ರಮವನ್ನು ಇಲ್ಲಿ ಹೇಳಲೇಬೇಕು. ಮೊದಲು ಮಚ್ಚಿನಿಂದ ಅಂಗೈಯಗಲ ತೊಗಟೆ ಕೆತ್ತುತ್ತೇವೆ. ಬಿಳಿ ಮೈ ಕಂಡ ಮೇಲೆ ಅಕ್ಷರ ಕೊರೆದ ಸುತ್ತಿಗೆಯಿಂದ ಒಂದು ಏಟು. ಎದೆಯ ಮಟ್ಟದಲ್ಲಿ ಒಂದು, ಬುಡದಲ್ಲಿ ಒಂದು, ಒಟ್ಟು ಎರಡು. ಮೇಲಿನ ಗುರುತು ದಿಮ್ಮಿಯ ಜೊತೆ ಹೋಗುತ್ತದೆ, ಕೆಳಗಿನದು ಮೋಟಿನಲ್ಲಿ ಉಳಿಯುತ್ತದೆ. ಕಂಟ್ರಾಕ್ಟರು ಗುರುತಿಲ್ಲದ ಮರ ಕಡಿದಿದ್ದರೆ ಮೋಟು ನೋಡಿ ಹಿಡಿಯಬಹುದು. ಸುತ್ತಿಗೆ ಬಿತ್ತೆಂದರೆ ಆ ಮರದ ಆಯುಸ್ಸು ಮುಗಿಯಿತು ಎಂದೇ ಲೆಕ್ಕ. ಅದಕ್ಕಾಗಿ ಸುತ್ತಿಗೆ ಯಜಮಾನರ ಮನೆಯಲ್ಲಿ ಚೀಲದೊಳಗೆ ಇರುತ್ತಿತ್ತು. ಬೆಳಗ್ಗೆ ಕಾವೇರಮ್ಮನವರ ಕೈಯಿಂದ ತೆಗೆದುಕೊಂಡು ಹೋಗಿ, ಸಂಜೆ ಅವರ ಕೈಗೇ ಒಪ್ಪಿಸಿ, ಇವತ್ತು ಇಷ್ಟು ಮರ ಎಂದು ಹೇಳಬೇಕು. ಇನ್ನೊಂದು ಕಟ್ಟುಪಾಡು ಅವರ ಮಾವನವರ ಕಾಲದ್ದು. ಒರತೆಯ ಸುತ್ತಿನ ಮರಗಳಿಗೆ ಪ್ರತಿ ಸಂಕ್ರಾಂತಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುತ್ತಿದ್ದರು. ಪಟ್ಟೆ ಇರುವ ಮರವನ್ನು ಯಾವ ಕಾರಣಕ್ಕೂ ಮುಟ್ಟುವಂತಿಲ್ಲ.

ನಾನು ಅವರಿಗೆ ಗುರುತು ಹಾಕಿಕೊಟ್ಟದ್ದು ಆ ವರ್ಷವೇ ಮೊದಲು. ದೀಪಾವಳಿ ಕಳೆದಿತ್ತು. ಮೊದಲ ದಿನ ಸಂಜೆ ಹೋದಾಗ ಅವರ ಮುಂದೆ ಅಳಗುಳಿಮಣೆ ಇತ್ತು, ಗುಳಿಗಳಲ್ಲಿ ಹುಣಸೆ ಬೀಜ. “ಇಪ್ಪತ್ತೊಂದು ಮರ ಅಮ್ಮ” ಎಂದೆ. ಅವರು ಗುಳಿಗಳನ್ನು ಬೆರಳಿನಿಂದ ಸವರಿ, “ಸರಿಯಾಗಿದೆ” ಎಂದರು. ಎರಡನೆಯ ದಿನವೂ ಹಾಗೆಯೇ. ಸರಿಯಾಗಿದೆ ಎನ್ನುವುದು ದೊಡ್ಡವರ ಮಾತಿನ ರೂಢಿ, ಬೀಜದ್ದು ಹೊತ್ತು ಕಳೆಯುವ ಆಟ ಎಂದು ನಾನು ತಿಳಿದೆ.

ಮೂರನೆಯ ದಿನ ನನಗೆ ಮಧ್ಯಾಹ್ನದ ರೈಲು ಹಿಡಿಯುವ ಆತುರವಿತ್ತು. ನನ್ನ ಜೊತೆಗೆ ತೊಗಟೆ ಕೆತ್ತುತ್ತಿದ್ದವನು ಜವರಯ್ಯ, ಆ ಹಳ್ಳಿಯವನೇ, ಕಾಡಿನ ಕಾವಲಿಗೆ ಇದ್ದವನು. ಕುಡಿಯುವ ನೀರು ಮುಗಿದಿತ್ತೆಂದು ಮಚ್ಚನ್ನು ನನ್ನ ಹತ್ತಿರ ಬಿಟ್ಟು ಒರತೆಗೆ ಇಳಿದ. ಅವನು ಬರುವಷ್ಟರಲ್ಲಿ ಇನ್ನೊಂದು ಮರ ಮುಗಿಸೋಣ ಎಂದು ಎದುರಿಗಿದ್ದ ದೊಡ್ಡ ಹೊನ್ನೆಗೆ ನಾನೇ ತೊಗಟೆ ಕೆತ್ತಿ ಎದೆಯ ಮಟ್ಟದಲ್ಲಿ ಸುತ್ತಿಗೆ ಹಾಕಿದೆ. ಬುಡಕ್ಕೆ ಹೊಡೆಯಲು ಬಗ್ಗಿದೆ. ಮಗ್ಗುಲಲ್ಲಿ ಕೆಂಪು ಕಂಡಿತು. ಕೈಯಿಂದ ಉಜ್ಜಿದೆ, ಕೆಮ್ಮಣ್ಣು. ಆ ಕಡೆ ಸುತ್ತಿ ನೋಡಿದರೆ ಪಟ್ಟೆ ಸ್ಪಷ್ಟವಾಗಿತ್ತು, ಅದರ ಕೆಳಗೇ ಒರತೆ. ನಾನು ಬಂದಿದ್ದು ಮಳೆ ಹೊಡೆಯುವ ಪಡುವಣ ಮಗ್ಗುಲಿನಿಂದ. ಒಂದು ಮಳೆಗಾಲ ಕಳೆದು ಆ ಕಡೆಯ ಪಟ್ಟೆ ತೊಳೆದುಹೋಗಿತ್ತು. ಮರವನ್ನು ಒಂದು ಸುತ್ತು ಹಾಕಿ ನೋಡದೆ ಸುತ್ತಿಗೆ ಎತ್ತಬಾರದು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ನಾನು.

ನನ್ನಂಥವನಿಗೆ ಹೆಸರೇ ಬಂಡವಾಳ. ಪಟ್ಟೆಯ ಮರಕ್ಕೆ ಸುತ್ತಿಗೆ ಹಾಕಿದ ಎಂಬ ಸುದ್ದಿ ಹಬ್ಬಿದರೆ ಮತ್ತೊಬ್ಬರು ಕರೆಯುವುದಿಲ್ಲ. ಸುತ್ತಮುತ್ತ ಯಾರೂ ಇರಲಿಲ್ಲ. ಮಚ್ಚಿನಿಂದ ಗುರುತನ್ನು ಕೆತ್ತಿ ತೆಗೆದೆ. ಹೊನ್ನೆಗೆ ಗಾಯವಾದರೆ ರಕ್ತದಂಥ ಕೆಂಪು ರಸ ಬರುತ್ತದೆ. ಅದು ಸಾಲುಗಟ್ಟಿ ಇಳಿಯತೊಡಗಿತು. ಹಸಿಮಣ್ಣು ತಂದು ಮೆತ್ತಿದೆ. ಜವರಯ್ಯ ಬಂದಾಗ ನಾನು ಇನ್ನೊಂದು ಮರದ ಹತ್ತಿರ ನಿಂತಿದ್ದೆ. ಅವನು ನನ್ನನ್ನು ಸ್ಟೇಷನ್ನಿನವರೆಗೆ ಬಿಟ್ಟು, ರೈಲು ಹೊರಟ ಮೇಲೆ ಹಳ್ಳಿಯ ಕಡೆ ತಿರುಗಿದ್ದನ್ನು ನಾನೇ ನೋಡಿದ್ದೇನೆ. ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದು ನೇರವಾಗಿ ಕಾವೇರಮ್ಮನವರ ಮನೆಗೆ ಹೋದೆ.

ಸುತ್ತಿಗೆ ಕೊಟ್ಟು, “ಇಪ್ಪತ್ತಾರು ಮರ ಅಮ್ಮ” ಎಂದೆ.

ಅವರು ಎಂದಿನಂತೆ ಗುಳಿಗಳನ್ನು ಸವರಿದರು. “ಇಪ್ಪತ್ತಾರು ಜೋಡಿ ಸರಿಯಾಗಿದೆಯಪ್ಪ. ಆದರೆ ಇದೊಂದು ಒಂಟಿ ಬೀಜ ಉಳಿದಿದೆ ನೋಡಿ. ಊಟದ ಹೊತ್ತಿಗೆ ಒಂದೇ ಒಂದು ಏಟು ಬಂತು. ಇನ್ನೊಂದು ಬರತ್ತೆ ಅಂತ ಕೈ ಹಿಡ್ಕೊಂಡು ಕಾದೆ. ಬರಲೇ ಇಲ್ಲ. ಯಾವ ಮರ ಅದು?”

ಮಣೆಯನ್ನು ನೋಡಿದೆ. ಗುಳಿಗಳಲ್ಲಿ ಬೀಜಗಳು ಜೋಡಿ ಜೋಡಿಯಾಗಿದ್ದವು. ಒಂದೇ ಒಂದು ಬೀಜ ಮಣೆಯ ಅಂಚಿನಲ್ಲಿ ಬೇರೆಯಾಗಿತ್ತು. ಮನೆಗೂ ಕಾಡಿಗೂ ಎಂಟು ಹತ್ತು ಮೈಲಿ. ರಸ್ತೆಯಲ್ಲಿ ಹೋಗುವ ಜಟಕಾದ ಸದ್ದೇ ಆ ನಡುಮನೆಗೆ ಸರಿಯಾಗಿ ಕೇಳುತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಒಂದೇ ಬುದ್ಧಿ, ಅದು ಕೆಟ್ಟ ಬುದ್ಧಿ.

“ಇಲ್ಲ ಅಮ್ಮ, ಇಪ್ಪತ್ತಾರೇ. ಒಂಟಿ ಏಟು ಯಾವುದೂ ಇಲ್ಲ” ಎಂದೆ.

ಅವರು ಆ ಬೀಜವನ್ನು ಎರಡು ಬೆರಳಿನಲ್ಲಿ ಎತ್ತಿಕೊಂಡು, “ಹಾಗಾದರೆ ನನ್ನದೇ ತಪ್ಪಿರಬೇಕು” ಎಂದರು. ನಾನು ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ವಿದ್ಯಾರಣ್ಯಪುರಂನ ನನ್ನ ಮನೆಗೆ ನಡೆದುಕೊಂಡೇ ಹೋದೆ. ದಾರಿಯುದ್ದಕ್ಕೂ ಕಾರಣ ಹುಡುಕಿದೆ. ಯಾರೋ ಬಂದು ಹೇಳಿರಬೇಕೆಂದರೆ, ನನಗಿಂತ ಮೊದಲು ಬರಲು ಬೇರೆ ರೈಲಿರಲಿಲ್ಲ. ನನ್ನ ದನಿಯ ನಡುಕದಿಂದ ಊಹಿಸಿದರೆನ್ನಲು, ಬೀಜ ನಾನು ಬರುವ ಮೊದಲೇ ಅಂಚಿನಲ್ಲಿತ್ತು. ರೈಲು ಕಂಬಿಯ ಮೂಲಕ ಸದ್ದು ದೂರ ಹೋಗುತ್ತದೆ ಎಂದು ಓದಿದ್ದು ನೆನಪಾಯಿತು. ಆದರೆ ಕಾಡಿಗೂ ಕಂಬಿಗೂ ಒಂದು ಮೈಲಿ, ಕಂಬಿಗೂ ಅವರ ಮನೆಗೂ ಎರಡು ಬೀದಿ.

ಮೂರು ದಿನವಾದ ಮೇಲೆ ಸಂಜೆ ಕಾವೇರಮ್ಮನವರ ಮೈದುನನ ಮಗ ಶ್ರೀನಿವಾಸ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. ಅವನೂ ಅದೇ ಮನೆಯಲ್ಲಿ ಇದ್ದವನು, ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತ. ಕೆಟ್ಟವನಲ್ಲ, ದೊಡ್ಡಮ್ಮನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ಆದರೆ ಕಾಡೆಂದರೆ ಅವನಿಗೆ ನಿಂತ ಸೌದೆ. ಪೂರ್ತಿ ಬೋಳಿಸಿ ನೀಲಗಿರಿ ಹಾಕಬೇಕೆಂದು ವರ್ಷಗಳಿಂದ ಹೇಳುತ್ತಿದ್ದ. ದೊಡ್ಡಮ್ಮ ಒಪ್ಪಿರಲಿಲ್ಲ.

“ಒಪ್ಪಿಬಿಟ್ರು ಕಣ್ರೀ” ಎಂದ ಖುಷಿಯಾಗಿ. “ಕಾಡಿನ ಮುಖ್ತಿಯಾರ್ ಪತ್ರ ನನ್ನ ಹೆಸರಿಗೆ ಮಾಡ್ಕೊಡ್ತಾರಂತೆ, ಇನ್ನು ಕಾಡಿನ ವ್ಯವಹಾರ ಎಲ್ಲ ನನ್ನ ಕೈಗೆ. ನಾಳೆ ಬೆಳಗ್ಗೆ ರುಜು. ನೀವೊಂದು ಸಾಕ್ಷಿ ಹಾಕಬೇಕು.”

“ಇದ್ದಕ್ಕಿದ್ದ ಹಾಗೆ ಯಾಕೆ?”

“ಅದೇನೋ ಕಿವಿ ಕೆಟ್ಟಿತು ಅಂತಾರೆ. ಇಲ್ಲದ್ದು ಕೇಳ್ಸತ್ತೆ, ಇನ್ನು ಆ ಕಾಡು ಆಳೋಕೆ ನಾನು ಲಾಯಕ್ಕಿಲ್ಲ ಅಂತ ಅಂದ್ರು. ಮೂರು ದಿನದಿಂದ ಸರಿಯಾಗಿ ಊಟಾನೂ ಮಾಡ್ತಿಲ್ಲ.”

ಅವನು ಹೋದ ಮೇಲೆ ಜಗಲಿಯಲ್ಲೇ ಕೂತೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವರು ನನ್ನನ್ನು ಪರೀಕ್ಷೆ ಮಾಡಲು ಕೇಳಿರಲಿಲ್ಲ. ನನ್ನ ಮಾತನ್ನು ನಂಬಿ, ತಮ್ಮ ಕಿವಿಯನ್ನು ಬಿಟ್ಟುಬಿಟ್ಟಿದ್ದರು. ಮಣ್ಣು ಮೆತ್ತಿ ಮುಚ್ಚಿದ್ದು ಒಂದು ಮರದ ಗಾಯ ಎಂದುಕೊಂಡಿದ್ದೆ. ಈಗ ಒಂದು ಪೂರ್ತಿ ಕಾಡೇ ಹೋಗುವುದರಲ್ಲಿತ್ತು, ಅದಕ್ಕೆ ನಾನೇ ಸಾಕ್ಷಿಯ ರುಜು ಹಾಕಬೇಕಾಗಿತ್ತು. ಬಾಯಿ ಬಿಟ್ಟರೆ ನನ್ನ ಹೊಟ್ಟೆಪಾಡು ಹೋಗುತ್ತದೆ, ಬಿಡದಿದ್ದರೆ ಒರತೆಯೂ ಉಳಿಯುವುದಿಲ್ಲ. ಎಲ್ಲರ ಮುಂದೆ ಬಾಯಿ ಮಾಡುತ್ತಿದ್ದ ನನಗೆ ಈ ಒಂದು ಮಾತು ಆಡಲು ಎಷ್ಟು ಕಷ್ಟವಾಯಿತೆಂದರೆ, ಬೆಳಗ್ಗೆ ಅವರ ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬಂದೆ.

ಮೂರನೆಯ ಸಲ ಒಳಗೆ ಹೋದೆ. ಕಾವೇರಮ್ಮನವರು ಕಂಬ ಬಿಟ್ಟು ನಡುಮನೆಯ ಮಧ್ಯದಲ್ಲಿ ಕೂತಿದ್ದರು. ಮಣೆ ಕಾಣಲಿಲ್ಲ. ಶ್ರೀನಿವಾಸ ಕಾಗದ, ಲೇಖನಿ ಹಿಡಿದು ಪಕ್ಕದಲ್ಲಿದ್ದ. ನಾನು ನಿಂತುಕೊಂಡೇ ಹೇಳಿದೆ. “ಅಮ್ಮ, ಅವತ್ತು ಒಂಟಿ ಏಟು ಇತ್ತು. ಒರತೆಯ ಹೊನ್ನೆಗೆ ಹೊಡೆದೆ. ಪಟ್ಟೆ ನೋಡಲಿಲ್ಲ. ನೋಡಿದ ಮೇಲೆ ಬುಡಕ್ಕೆ ಹೊಡೆಯಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಿದೆ.”

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಎರಡೂ ಕೈಯನ್ನು ನೆಲಕ್ಕೂರಿ ಮುಂದೆ ಬಾಗಿದರು.

“ಇತ್ತಾ?” ಎಂದರು.

“ಇತ್ತು ಅಮ್ಮ.”

“ಇತ್ತು ಕಣೋ ಸೀನು!” ಎಂದು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ಹೊಡೆದರು. ಕುರುಡು ಕಣ್ಣಿನಿಂದ ನೀರು ಸುರಿಯುತ್ತಿತ್ತು. “ನಾನು ಹುಚ್ಚಿ ಅಲ್ಲ ಕಣೋ. ಒಂದೇ ಏಟು ಬಂದಿತ್ತು, ಒಂದೇ!”

ಸಮಾಧಾನವಾದ ಮೇಲೆ ನನ್ನ ಕಡೆ ತಿರುಗಿದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. “ಮರಕ್ಕೆ ಹೊಡೆದದ್ದು ಕೈತಪ್ಪು. ಯಾರಿಗಾದರೂ ಆಗತ್ತೆ. ಆದರೆ ಕಣ್ಣು ಹೋದವಳಿಗೆ ಕಿವೀನೂ ಇಲ್ಲ ಅಂತ ಮಾಡಿಬಿಟ್ಟಿರಲ್ಲಪ್ಪ, ಅದು ತಪ್ಪಲ್ಲ, ಪಾಪ.” ಆಮೇಲೆ ಕಾಗದವನ್ನು ಕೈಯಿಂದ ಹುಡುಕಿ ಮಡಿಸಿ ಶ್ರೀನಿವಾಸನಿಗೆ ಕೊಟ್ಟರು. “ಇಟ್ಕೊಂಡಿರೋ. ನಾನು ಹೋದ ಮೇಲೆ ಹೇಗಿದ್ರೂ ನಿನ್ನದೇ. ಅಲ್ಲೀತನಕ ನಾನೇ ನೋಡ್ಕೋತೀನಿ.” ಅವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಒರತೆಯ ಹೊನ್ನೆಯನ್ನು ಮುಟ್ಟಬಾರದು ಎಂದು ಅವರು ಅಲ್ಲೇ ಕಂಟ್ರಾಕ್ಟರಿಗೆ ಕಾಗದ ಬರೆಸಿದರು. ನನ್ನನ್ನು ಬಿಡಿಸಲಿಲ್ಲ. ಸುತ್ತಿಗೆಯ ಚೀಲವನ್ನು ನನ್ನ ಕೈಗೆ ಕೊಟ್ಟು, “ಇನ್ನು ಮೇಲೆ ಮರ ಸುತ್ತಿ ಹೊಡೀರಿ” ಎಂದರು.

ಆಮೇಲೆ ಒಂದು ದಿನ ತಾವಾಗಿಯೇ ಹೇಳಿದರು. ಮದುವೆಯಾಗಿ ಆ ಮನೆಗೆ ಬಂದಾಗ ಅವರಿಗೆ ಹನ್ನೊಂದು ವರ್ಷ. ಕಾಡಿನಲ್ಲಿ ಸುತ್ತಿಗೆ ಹಾಕುತ್ತಿದ್ದ ಒಂದು ದಿನ ಕಂಬಕ್ಕೆ ಒರಗಿ ಕೂತಿದ್ದಾಗ ಕಂಬದೊಳಗೆ ಯಾರೋ ತಟ್ಟಿದ ಹಾಗಾಯಿತಂತೆ. ಅತ್ತೆಯವರು ಕೇಳಿ, ಕೆಲಸ ತಪ್ಪಿಸಿಕೊಳ್ಳುವ ನೆಪ ಎಂದು ಗದರಿದರಂತೆ. ಮಾವನವರು ಮಾತ್ರ ಗದರಲಿಲ್ಲ. ಮಣೆಯನ್ನೂ ಬೀಜವನ್ನೂ ಮುಂದಿಟ್ಟು, “ಎಣಿಸಮ್ಮ, ನೋಡೋಣ” ಎಂದರಂತೆ. ಅವತ್ತಿನಿಂದ ಎಣಿಸುತ್ತಾ ಬಂದಿದ್ದರು.

ನಾನು ಸುಮ್ಮನೆ ನಂಬುವ ಪೈಕಿ ಅಲ್ಲವಲ್ಲ. ಮುಂದಿನ ವರ್ಷ ಒಂದು ಉಪಾಯ ಮಾಡಿದೆ. ಸುತ್ತಿಗೆಯನ್ನು ಜವರಯ್ಯನ ಹತ್ತಿರ ಬಿಟ್ಟು, ನಾಳೆ ಬೆಳಗ್ಗೆ ಒಣಗಿ ಬಿದ್ದಿರುವ ದಿಮ್ಮಿಗಳಿಗೆ ನಿನಗೆ ತೋಚಿದಾಗ, ತೋಚಿದಷ್ಟು ಹೊಡಿ ಎಂದೆ. ಕಾರಣ ಹೇಳಲಿಲ್ಲ. ಕಾವೇರಮ್ಮನವರಿಗೆ ಮಾತ್ರ ಹೇಳಿದೆ. ಅವರಿಗೆ ನಗು ಬಂತು. “ಆಗಲಿ, ನೀವೂ ಕೂತ್ಕೊಂಡು ಕೇಳಿ” ಎಂದರು. ಅದೇ ಕಂಬದ ಇನ್ನೊಂದು ಮಗ್ಗುಲಿಗೆ ಕಿವಿಯಿಟ್ಟು ನಾನೂ ಬೆಳಗ್ಗೆಯಿಂದ ಕೂತೆ. ನನಗೆ ಕೇಳಿಸಿದ್ದು ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದದ್ದು, ಆಮೇಲೆ ನನ್ನದೇ ಎದೆ ಬಡಿತ. ಕಂಬ ಮರದ ಹಾಗೆ ಸುಮ್ಮನಿತ್ತು. ಆದರೆ ಗಂಟೆ ಒಂಬತ್ತಾಗಿ ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲೇ ಕಾವೇರಮ್ಮನವರು ಒಂದು ಬೀಜ ಹಾಕಿದರು. ತಡೆದು ಇನ್ನೊಂದು. ಹಾಗೆ ಒಂಬತ್ತು ಜೋಡಿ.

ಮಾರನೆಯ ದಿನ ಮೊದಲ ರೈಲಿಗೇ ಹೋಗಿ ಜವರಯ್ಯನನ್ನು ಹಿಡಿದೆ. “ಎಷ್ಟು ಹೊಡೆದೆಯೋ?”

“ಒಡ್ದೆ ಸ್ವಾಮಿ, ಎಂಟೋ ಒಂಬತ್ತೋ ದಿಮ್ಮಿಗೆ, ಎಲ್ಡೆಲ್ಡು ಏಟು.”

“ಎಂಟೋ, ಒಂಬತ್ತೋ?”

“ಎಣಿಸ್ಬೇಕು ಅಂತ ನೀವು ಯೋಳ್ನೇ ಇಲ್ವಲ್ಲ ಸ್ವಾಮಿ. ತೋಚಿದಷ್ಟು ಅಂದ್ರಿ, ಒಡ್ದು ಮಡಗ್ಬುಟ್ಟೆ.”

ದಿಮ್ಮಿಗಳನ್ನಾದರೂ ನೋಡಿ ಎಣಿಸೋಣವೆಂದರೆ, ಹಳ್ಳಿಯ ಹೆಂಗಸರು ಹಿಂದಿನ ಸಂಜೆಯೇ ಅರ್ಧ ದಿಮ್ಮಿಗಳನ್ನು ಸೌದೆಗೆ ಸೀಳಿ ಒಯ್ದಿದ್ದರು. ಬಿದ್ದ ಮರ ಅವರದು ಎಂಬುದು ಆ ಕಾಡಿನ ಕಟ್ಟುಪಾಡು. ಅದನ್ನು ನಾನೇ ಮರೆತಿದ್ದೆ. ಕಾವೇರಮ್ಮನವರಿಗೆ ಬಂದು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಂದು ಸಲ ಪರೀಕ್ಷೆ ಮಾಡೋಣವೇ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಲ್ಲಿ ತಪ್ಪಿಬಿಡುತ್ತದೋ ಎಂಬ ಭಯ ನನಗೇ ಹುಟ್ಟಿತ್ತು.

ಅವರು ಇನ್ನೂ ಆರು ವರ್ಷ ಬದುಕಿದ್ದರು. ಪ್ರತಿ ವರ್ಷ ನಾನು ಸುತ್ತಿಗೆ ಹಾಕಿದೆ, ಅವರು ಬೀಜ ಹಾಕಿದರು, ಸಂಜೆ ಎರಡೂ ಸರಿಹೋದವು. ಹೊನ್ನೆಯ ಗಾಯ ಮಾಯಿತು, ತೊಗಟೆ ಸುತ್ತಲಿಂದ ಬೆಳೆದು ಮುಚ್ಚಿಕೊಂಡಿತು. ಒರತೆ ಬತ್ತಲಿಲ್ಲ. ಓದಿದವರ ಹತ್ತಿರ, ಇಂಜಿನಿಯರುಗಳ ಹತ್ತಿರ ಇದನ್ನು ಹೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಯಾವುದೂ ಮನಸ್ಸಿಗೆ ಒಪ್ಪಲಿಲ್ಲ. ಅವರಿಗೆ ಏನು ಕೇಳಿಸುತ್ತಿತ್ತು, ಹೇಗೆ ಕೇಳಿಸುತ್ತಿತ್ತು, ನನಗೆ ಗೊತ್ತಿಲ್ಲ.

ಅವರು ಹೋದ ಮೇಲೆ ಶ್ರೀನಿವಾಸ ಕಾಡು ಬೋಳಿಸಲಿಲ್ಲ. ಯಾಕೆಂದು ಹೇಳಲಿಲ್ಲ. ಆ ವರ್ಷವೂ ನನ್ನನ್ನೇ ಕರೆದ. ಮರ ಸುತ್ತಿ ನೋಡಿ, ಎದೆಗೊಂದು ಬುಡಕ್ಕೊಂದು ಏಟು ಹಾಕಿ, ಸಂಜೆ ರೈಲಿಳಿದು ಆ ಮನೆಗೆ ಹೋದೆ. ಕಂಬದ ಬುಡದಲ್ಲಿ ಚಾಪೆ ಇರಲಿಲ್ಲ. ಸುತ್ತಿಗೆಯನ್ನು ಶ್ರೀನಿವಾಸನ ಕೈಗೆ ಕೊಟ್ಟೆ.

“ಎಷ್ಟಾಯ್ತು?” ಎಂದ.

“ಮೂವತ್ತೆರಡು” ಎಂದೆ. ಅವನು ಬರೆದುಕೊಂಡ. ನಾನು ಇನ್ನೂ ನಿಂತೇ ಇದ್ದೆ. ಅವನು ತಲೆಯೆತ್ತಿ, ಇನ್ನೇನು ಎನ್ನುವ ಹಾಗೆ ನೋಡಿದ. ಮೂವತ್ತೆರಡು ಎಂದದ್ದು ನಿಜವೇ. ಆದರೆ ಸರಿಯಾಗಿದೆ ಎಂದು ಹೇಳುವವರು ಯಾರೂ ಇರಲಿಲ್ಲ.